ಹೆಲಿಕೋಬ್ಯಾಕ್ಟರ್ ಪೈಲೋರಿಯಲ್ಲಿ ಜೀನ್ ಮರುಸಂಯೋಜನೆಯನ್ನು ಗುರುತಿಸುವ ಬಗೆ

ಒಬ್ಬರದೇ ಜಠರದಲ್ಲಿ ಈ ಬ್ಯಾಕ್ಟೀರಿಯಾದ ಹಲವು ತಳಿಗಳಿರಬಹುದಾದ್ದರಿಂದ, ಮೇಲ್ಭಾಗ ಹಾಗೂ ಕೆಳಭಾಗದ ಬಯಾಪ್ಸಿ ತುಣುಕುಗಳನ್ನು ಬೇರೆಬೇರೆಯಾಗಿಯೇ ಬೆಳೆಸಬೇಕು. ಆಮ್ಲಜನಕ ಸುಮಾರು ಶೇಕಡಾ 5ರಷ್ಟಿರುವ ವಾತಾವರಣದಲ್ಲಿ, 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ರಕ್ತ ಬೆರೆಸಿದ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ತಟ್ಟೆಯ ಮೇಲೆ ಕೆಲವು ದಿನಗಳ ಬಳಿಕ ಗುಂಡುಸೂಜಿಯ ತಲೆಯಷ್ಟು ಚಿಕ್ಕದಾದ, ನೀರಹನಿಯಂತೆ ಹೊಳೆಯುವ ಕಾಲೊನಿಗಳು, ಅಂದರೆ ಬ್ಯಾಕ್ಟೀರಿಯಾ ಗುಂಪುಗಳು, ಕಾಣಿಸುತ್ತವೆ.

ಅವುಗಳಲ್ಲಿ ಒಂದನ್ನು ಮಾತ್ರ ಎತ್ತಿ ಮತ್ತೆ ಬೆಳೆಸುವ ಹಂತವನ್ನು ಎಂದಿಗೂ ಬಿಡಬಾರದು. ಎರಡು ತಳಿಗಳ ಡಿಎನ್‌ಎ ಬೆರೆತರೆ ಅದೇ ಮರುಸಂಯೋಜನೆಯಂತೆ, ಅಂದರೆ ಒಂದು ತಳಿಯ ಡಿಎನ್‌ಎ ತುಣುಕು ಇನ್ನೊಂದರ ಡಿಎನ್‌ಎಯೊಳಗೆ ಸೇರಿಕೊಂಡಂತೆ, ತೋರಿ ದಾರಿ ತಪ್ಪಿಸುತ್ತದೆ. ನಂತರ ಯೂರ್‌ಐ, ಮ್ಯೂಟ್‌ವೈ ಮುಂತಾದ ಏಳು ಜೀನ್‌ಗಳ ಭಾಗಗಳನ್ನು, ಅಂದರೆ ಒಟ್ಟು ಸುಮಾರು 3,400 ಡಿಎನ್‌ಎ ಅಕ್ಷರಗಳನ್ನು, ಓದಿ ಸಾಲಾಗಿ ಹೋಲಿಸಬೇಕು. ನಿಕಟ ಸಂಬಂಧಿ ತಳಿಗಳಲ್ಲಿ ಒಂಟಿಯಾಗಿ ಚದುರಿದ ವ್ಯತ್ಯಾಸ ಉತ್ಪರಿವರ್ತನೆಯನ್ನೂ (ಡಿಎನ್‌ಎಯಲ್ಲಿ ತಾನಾಗಿ ಆದ ಬದಲಾವಣೆಯನ್ನೂ), ಒಂದೆಡೆ ಗುಂಪುಗೂಡಿದ ವ್ಯತ್ಯಾಸಗಳು ಹೊರಗಿನಿಂದ ಬಂದು ಸೇರಿದ ಡಿಎನ್‌ಎ ತುಣುಕನ್ನೂ ಸೂಚಿಸುತ್ತವೆ.