ಎರಡು ರಾಶಿ ಫೋಟೊ, ಎರಡು ಮುಖ: ಸರಾಸರಿ ಭಾವಚಿತ್ರ ಮಾಡುವ ನನ್ನ ಕ್ರಮ

ಗೋಡೆಗೇರುವುದು ಎರಡೇ ಪ್ರಿಂಟು. ಎಡಕ್ಕೆ ಒಬ್ಬ ವ್ಯಕ್ತಿ ತಾನೇ ತೆಗೆದುಕೊಂಡ ಸೆಲ್ಫಿಗಳ ಸರಾಸರಿ ಮುಖ, ಬಲಕ್ಕೆ ಅದೇ ಅವಧಿಯಲ್ಲಿ ಬೇರೆಯವರು ಆ ವ್ಯಕ್ತಿಯನ್ನು ತೆಗೆದ ಫೋಟೊಗಳ ಸರಾಸರಿ. ಎರಡೂ ಮುಖ ಸ್ವಲ್ಪ ಬೇರೆಯಾಗಿ ಕಂಡೇ ಕಾಣುತ್ತವೆ. ಆ ವ್ಯತ್ಯಾಸ ವ್ಯಕ್ತಿ ತನ್ನನ್ನು ತೋರಿಸಿಕೊಳ್ಳುವ ರೀತಿಯಿಂದ ಬಂತೋ, ನನ್ನ ಕೆಲಸದ ಎಡವಟ್ಟಿನಿಂದ ಬಂತೋ ಎಂದು ಬೇರ್ಪಡಿಸುವುದರಲ್ಲೇ ಮುಕ್ಕಾಲು ಶ್ರಮ ಹೋಗುತ್ತದೆ.

ಮುಖಗಳನ್ನು ಒಂದರ ಮೇಲೊಂದು ಕೂಡಿಸುವುದು ಹಳೆಯ ವಿದ್ಯೆ. 1870ರ ದಶಕದ ಕೊನೆಗೆ ಬ್ರಿಟಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಕೈದಿಗಳ ಫೋಟೊಗಳನ್ನು ಒಂದೇ ಪ್ಲೇಟಿನ ಮೇಲೆ ಸ್ವಲ್ಪಸ್ವಲ್ಪವಾಗಿ ಮೂಡಿಸಿ ‘ಅಪರಾಧಿಯ ಮುಖ’ ಹುಡುಕಲು ಹೊರಟ. ಸಿಕ್ಕಿದ್ದು ಮೂಲದ ಮುಖಗಳಿಗಿಂತ ಲಕ್ಷಣವಾದ ಒಂದು ಮುಖ. 1980ರ ದಶಕದ ಆರಂಭದಲ್ಲಿ ಅಮೆರಿಕದ ಕಲಾವಿದೆ ನ್ಯಾನ್ಸಿ ಬರ್ಸನ್ ಸಿನಿಮಾ ತಾರೆಯರ ಮುಖಗಳನ್ನು ಕಂಪ್ಯೂಟರಿನಲ್ಲಿ ಬೆರೆಸಿ ಕಲಾಕೃತಿ ಮಾಡಿದರು. ಸರಾಸರಿ ಮಾಡಿದರೆ ಕಲೆ, ಸುಕ್ಕು, ಓರೆ ಎಲ್ಲ ಕರಗಿ ಮುಖ ಚೆಂದವಾಗುತ್ತದೆ; ಅದು ಲೆಕ್ಕದ ಗುಣ. ಹಾಗಾಗಿ ‘ಎಷ್ಟು ಚೆನ್ನಾಗಿ ಬಂತು’ ಅನ್ನಿಸಿದ ಪ್ರಿಂಟನ್ನು ನಾನು ನಂಬುವುದಿಲ್ಲ.

ರಾಶಿಗೆ 150ರಿಂದ 200 ಫೋಟೊ ಬೇಕು. 30ಕ್ಕಿಂತ ಕಡಿಮೆಯಿದ್ದರೆ ಹುಬ್ಬು ಎರಡೆರಡಾಗಿ ಕಾಣುತ್ತದೆ. 400 ದಾಟಿದ ಮೇಲೆ ಎಷ್ಟು ಸೇರಿಸಿದರೂ ಕಣ್ಣಿಗೆ ಬದಲಾವಣೆ ಗೊತ್ತಾಗುವುದಿಲ್ಲ. ಎರಡೂ ರಾಶಿಯಲ್ಲಿ ಸಂಖ್ಯೆ ಒಂದೇ ಇರಲಿ. ಒಂದು ಕಡೆ 300, ಇನ್ನೊಂದು ಕಡೆ 60 ಹಾಕಿದರೆ ಸೆಲ್ಫಿಯ ಚರ್ಮ ನುಣುಪಾಗಿ ಕಾಣುವುದು ಬರೀ ಸಂಖ್ಯೆಯ ಕಾರಣಕ್ಕೆ, ನೋಡುಗರು ಅದನ್ನು ಫಿಲ್ಟರಿನ ತಲೆಗೆ ಕಟ್ಟುತ್ತಾರೆ. ಅವಧಿ ಹೊಂದಿಸಲು ಎಕ್ಸಿಫ್ (ಕ್ಯಾಮೆರಾ ಫೋಟೊ ಫೈಲಿನೊಳಗೇ ಬರೆದಿಡುವ ಮಾಹಿತಿ) ದಿನಾಂಕ ನೋಡುತ್ತೇನೆ. ವಾಟ್ಸಾಪ್‌ನಿಂದ ಬಂದವುಗಳಲ್ಲಿ ಅದು ಅಳಿಸಿಹೋಗಿರುತ್ತದೆ. ಫೈಲಿನ ಹೆಸರಿನಲ್ಲಿರುವ ತಾರೀಕು ಫೋಟೊ ಕೈಸೇರಿದ ದಿನದ್ದೇ ಹೊರತು ತೆಗೆದ ದಿನದ್ದಲ್ಲ.

ಅತಿ ಹೆಚ್ಚು ಕೈಕೊಡುವುದು ಕನ್ನಡಿ ಬಿಂಬ. ಮುಂದಿನ ಕ್ಯಾಮೆರಾದ ಚಿತ್ರವನ್ನು ಕೆಲವು ಫೋನು ಕನ್ನಡಿಯಲ್ಲಿ ಕಂಡಂತೆಯೇ ಉಳಿಸುತ್ತದೆ, ಕೆಲವು ತಿರುಗಿಸಿ ಉಳಿಸುತ್ತದೆ, ಆ್ಯಪ್ ಬದಲಾದರೆ ಕ್ರಮವೂ ಬದಲಾಗಬಹುದು. ಎರಡೂ ಬೆರೆತರೆ ಬಲಗೆನ್ನೆಯ ಮಚ್ಚೆ ಎರಡೂ ಕೆನ್ನೆಯಲ್ಲಿ ಮಸುಕಾಗಿ ಮೂಡುತ್ತದೆ, ಬೈತಲೆ ಮಾಯವಾಗುತ್ತದೆ, ಮುಖ ಗೊಂಬೆಯ ಹಾಗೆ ಎರಡೂ ಕಡೆ ಸಮವಾಗಿಬಿಡುತ್ತದೆ. ಮೊದಲ ಪ್ರಯೋಗದಲ್ಲಿ ಎರಡು ಮಸುಕು ಮಚ್ಚೆ ಕಂಡರೆ ಬೇರೇನೂ ಹುಡುಕಬೇಡಿ, ಕಾರಣ ಇದೇ. ಅಂಗಿಯ ಮೇಲಿನ ಅಕ್ಷರ, ಮಚ್ಚೆ, ಕೈಗಡಿಯಾರದ ಕೈ, ಇವನ್ನು ನೋಡಿ ಒಂದೊಂದನ್ನೂ ಕೈಯಾರೆ ವಿಂಗಡಿಸಬೇಕು. ಇದಕ್ಕೆ ಅಡ್ಡದಾರಿ ಇಲ್ಲ. ಆಮೇಲೆ ಒಂದು ರಾಶಿಯ ಎಲ್ಲವನ್ನೂ ಒಂದೇ ದಿಕ್ಕಿಗೆ ತಿರುಗಿಸಿ. ನಾನು ಸೆಲ್ಫಿ ರಾಶಿಯನ್ನು ಬೇಕೆಂದೇ ಕನ್ನಡಿ ಬಿಂಬವಾಗಿ ಇಡುತ್ತೇನೆ: ವ್ಯಕ್ತಿಗೆ ಪರಿಚಯವಿರುವ ತನ್ನ ಮುಖ ಅದೇ ತಾನೆ?

ಮುಖ ಹೊಂದಿಸಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಚಿತ್ರ ತಿದ್ದುವ ಓಪನ್‌ಸಿವಿ, ಮುಖ ಗುರುತಿಸುವ ಡಿಲಿಬ್ ಎಂಬ ತಂತ್ರಾಂಶ ಸಾಕು. ಮುಖದ ಮೇಲೆ 68 ಬಿಂದು ಗುರುತಿಸುವ ಡಿಲಿಬ್‌ನ ಮಾದರಿಯಲ್ಲಿ ಸೊನ್ನೆಯಿಂದ ಎಣಿಸಿದರೆ 36, 39, 42, 45 ಕಣ್ಣಿನ ಮೂಲೆಗಳು. ರೆಪ್ಪೆಯ ಬಿಂದುಗಳನ್ನು ನಾನು ಬಿಡುತ್ತೇನೆ. ನಕ್ಕಾಗ ಕೆಳರೆಪ್ಪೆ ಮೇಲೇರಿ ಕಣ್ಣಿನ ನಡುಬಿಂದುವೇ ಸರಿದುಬಿಡುತ್ತದೆ. 750×900 ಪಿಕ್ಸೆಲ್ ಚೌಕಟ್ಟಿನಲ್ಲಿ ಎರಡು ಕಣ್ಣಿನ ನಡುಬಿಂದು (285, 378) ಮತ್ತು (465, 378)ಕ್ಕೆ ಬೀಳುವಂತೆ ತಿರುಗಿಸಿ, ಹಿಗ್ಗಿಸಿ ಅಥವಾ ಕುಗ್ಗಿಸಿ, ಸರಿಸುತ್ತೇನೆ, ಅಷ್ಟೇ. ಎಡ-ಬಲ ಅದಲುಬದಲಾದರೆ ಮುಖ ತಲೆಕೆಳಗಾಗಿ ಬರುತ್ತದೆ. ತ್ರಿಕೋನಗಳಾಗಿ ಒಡೆದು ಎಳೆದು ಹೊಂದಿಸುವ ವಿಧಾನವೂ ಇದೆ, ಫಲ ಬಹಳ ಚೂಪಾಗಿ ಬರುತ್ತದೆ. ಆದರೆ ಅದು ದವಡೆ, ಮೂಗು, ತುಟಿ ಎಲ್ಲವನ್ನೂ ಒಂದೇ ಆಕಾರಕ್ಕೆ ಎಳೆಯುವುದರಿಂದ ಈ ಕೆಲಸಕ್ಕೆ ಹೊಂದುವುದಿಲ್ಲ; ಆಕಾರ ಎಲ್ಲಿ ಹೊಂದಲಿಲ್ಲ ಎಂಬುದೇ ಇಲ್ಲಿ ನೋಡಬೇಕಾದ್ದು.

ಕಣ್ಣುಗಳ ನಡುವೆ 180 ಪಿಕ್ಸೆಲ್‌ಗಿಂತ ಕಡಿಮೆಯಿರುವ ಫೋಟೊ ಬೇಡ. ಸೆಲ್ಫಿಯಲ್ಲಿ ಅದು 600 ಇದ್ದೀತು, ಗುಂಪು ಫೋಟೊದಲ್ಲಿ 190. ಎಲ್ಲವೂ 180ಕ್ಕೆ ಇಳಿಯುವುದರಿಂದ ಎರಡೂ ರಾಶಿಯ ವಿವರ ಒಂದೇ ಮಟ್ಟಕ್ಕೆ ಬರುತ್ತದೆ. ದೊಡ್ಡ ಫೋಟೊವನ್ನು ಒಂದೇ ಏಟಿಗೆ ತಿರುಗಿಸಿ ಕುಗ್ಗಿಸಿದರೆ ಕೂದಲಿನಲ್ಲಿ ಮೆಟ್ಟಿಲು ಮೆಟ್ಟಿಲಾದ ಗೀರು ಬೀಳುತ್ತವೆ. ಮೊದಲು ಕುಗ್ಗಿಸಿ ಆಮೇಲೆ ತಿರುಗಿಸುವುದು ಲೇಸು.

ಕೂಡುವಾಗ ಎರಡು ತಪ್ಪು ಸಾಮಾನ್ಯ. 8 ಬಿಟ್ ಅಂಕೆಗಳನ್ನು (ಸೊನ್ನೆಯಿಂದ 255ರವರೆಗೆ ಮಾತ್ರ ಹಿಡಿಯುವವು) ಹಾಗೇ ಕೂಡಿದರೆ 255 ದಾಟಿದ್ದು ಮತ್ತೆ ಸೊನ್ನೆಯಿಂದ ಶುರುವಾಗಿ ಮುಖದ ತುಂಬ ಹಸಿರು-ನೇರಳೆ ಚುಕ್ಕೆ ಬರುತ್ತದೆ. ಇದು ಕಣ್ಣಿಗೆ ಹೊಡೆಯುವುದರಿಂದ ಅಪಾಯವಿಲ್ಲ. ಕಾಣದ ತಪ್ಪು ಗಾಮಾದ್ದು: ಫೈಲಿನಲ್ಲಿರುವ ಅಂಕೆ ಬೆಳಕಿನ ನೇರ ಅಳತೆಯಲ್ಲ, ಹಾಗೇ ಸರಾಸರಿ ತೆಗೆದರೆ ಫಲ ಇರಬೇಕಾದ್ದಕ್ಕಿಂತ ಕಪ್ಪಾಗುತ್ತದೆ. ಬೆಳಕಿನ ಏರಿಳಿತ ಹೆಚ್ಚಿರುವ ರಾಶಿಯಲ್ಲಿ ಇನ್ನೂ ಕಪ್ಪು. ಚರ್ಮದ ಬಣ್ಣವೇ ಮಾತಾಡುವ ಕೃತಿಯಲ್ಲಿ ಇದು ಸಣ್ಣ ತಪ್ಪಲ್ಲ. ಮೊದಲು ನೇರ ಬೆಳಕಿನ ಅಳತೆಗೆ ಬದಲಿಸಿ, ಫ್ಲೋಟ್‌ನಲ್ಲಿ (ದಶಮಾಂಶದ ಅಂಕೆಗಳಲ್ಲಿ) ಕೂಡಿ, ಭಾಗಿಸಿ, ಕೊನೆಗೆ ವಾಪಸ್ ಬದಲಿಸಿ. ಬಿಡಿ ಫೋಟೊಗಳ ಬಣ್ಣ ಮಾತ್ರ ತಿದ್ದುವುದಿಲ್ಲ; ಫೋನು ತಾನಾಗಿ ಚರ್ಮವನ್ನು ಬೆಳ್ಳಗೆ ಮಾಡಿದ್ದರೆ ಅದು ಎಡಗಡೆ ಪ್ರಿಂಟಿನಲ್ಲಿ ಕಾಣಲೇಬೇಕು.

ಸರಾಸರಿಯ ಜೊತೆಗೆ ಮಧ್ಯಾಂಕವನ್ನೂ (ಅಂಕೆಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವುದು) ತೆಗೆದು ನೋಡಿ. 160 ಫೋಟೊಗೆ ಸುಮಾರು 1.3 ಜಿಬಿ ಮೆಮೊರಿ ಸಾಕು. ಹತ್ತರಲ್ಲಿ ನಾಲ್ಕು ಫೋಟೊದಲ್ಲಿ ಕನ್ನಡಕವಿದ್ದರೆ ಸರಾಸರಿಯಲ್ಲಿ ಅದು ನೆರಳಿನಂತೆ ಉಳಿಯುತ್ತದೆ, ಮಧ್ಯಾಂಕದಲ್ಲಿ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಮಧ್ಯಾಂಕದ ಮುಖ ಚೂಪು, ಆದರೆ ಅದು ಬಹುಮತದ ಮುಖ. ನನ್ನ ಮತ ಸರಾಸರಿಗೇ.

ಒಂದು ವ್ಯತ್ಯಾಸವನ್ನು ಇಲ್ಲಿಯ ಯಾವ ಲೆಕ್ಕವೂ ತೆಗೆಯಲಾರದು. ಕೈಯಳತೆಯಲ್ಲಿ ತೆಗೆದ ಮುಖದಲ್ಲಿ ಮೂಗು ದಪ್ಪ, ಕಿವಿ ಹಿಂದಕ್ಕೆ. ಇದು ಲೆನ್ಸಿನ ದೋಷವಲ್ಲ, ದೂರದ ಪರಿಣಾಮ: 30 ಸೆಂಟಿಮೀಟರಿನಿಂದ ತೆಗೆದಾಗ ಮೂಗು ಒಂದೂವರೆ ಮೀಟರಿನಿಂದ ತೆಗೆದದ್ದಕ್ಕಿಂತ ಸುಮಾರು 30% ಅಗಲವಾಗಿ ಕಾಣುತ್ತದೆ. ಅದನ್ನು ಹಾಗೇ ಬಿಟ್ಟು ಪ್ರಿಂಟಿನ ಪಕ್ಕದ ವಿವರಣೆಯ ಫಲಕದಲ್ಲಿ ಬರೆಯುತ್ತೇನೆ.

ಪ್ರಿಂಟಿಗೆ 4 ಪಟ್ಟು ಹಿಗ್ಗಿಸಿ 3000×3600 ಮಾಡಿ, 60×72 ಸೆಂಟಿಮೀಟರಿಗೆ. ಇಂಚಿಗೆ 127 ಪಿಕ್ಸೆಲ್ ಬರುತ್ತದೆ. ಮಸುಕು ಚಿತ್ರಕ್ಕೆ ಅಷ್ಟು ಸಾಕು. ಬಣ್ಣದ ಹಂತಗಳು ಹೆಚ್ಚಿರುವ 16 ಬಿಟ್ ಟಿಫ್ ಫೈಲು ಕೊಡಿ, ಜೊತೆಗೆ ಒಂದೆರಡು ಶೇಕಡಾ ಕಾಳು (ಫಿಲ್ಮಿನಲ್ಲಿ ಕಾಣುವಂಥ ಸಣ್ಣ ಚುಕ್ಕೆಗಳು) ಸೇರಿಸಿ, ಇಲ್ಲದಿದ್ದರೆ ಕೆನ್ನೆಯ ಮೇಲೆ ಪಟ್ಟೆ ಪಟ್ಟೆ ಏಳುತ್ತದೆ. ಮ್ಯಾಟ್ ಕಾಗದದಲ್ಲಿ ಕಪ್ಪು ಸಪ್ಪೆ ಆಗುವುದರಿಂದ ಕಣ್ಣು-ಕೆನ್ನೆ ಎರಡೂ ಸೇರುವ 10 ಸೆಂಟಿಮೀಟರ್ ಪಟ್ಟಿ ತೆಗೆಸಿ ನೋಡಿಯೇ ಮುಂದುವರಿಯುವುದು.

ಡಿಲಿಬ್ ಮುಖವನ್ನೇ ಕಾಣದೆ ಬಿಟ್ಟ ಫೋಟೊಗಳನ್ನು ಬೇರೆ ಫೋಲ್ಡರಿನಲ್ಲಿ ಇಡಿ. ಕೆಲವು ಬರೀ ಅಡ್ಡ ಮಲಗಿದ ಫೋಟೊ, ಎಕ್ಸಿಫ್‌ನ ದಿಕ್ಕಿನ ಸೂಚನೆ ಓದಿ ತಿರುಗಿಸಿದರೆ ಸರಿಹೋಗುತ್ತವೆ. ಉಳಿದವುಗಳಲ್ಲಿ ಕಿಟಕಿಗೆ ಬೆನ್ನು ಮಾಡಿದ ಮುಖ, ಮಂದ ಬೆಳಕಿನ ಮುಖ, ಕೈಯಲ್ಲಿ ಬಾಯಿ ಮುಚ್ಚಿ ನಕ್ಕ ಮುಖ ಇರುತ್ತವೆ. ಚರ್ಮದ ಬಣ್ಣ ಗಾಢವಾದಷ್ಟೂ ಮಂದ ಬೆಳಕಿನವು ಈ ಫೋಲ್ಡರಿಗೆ ಹೆಚ್ಚು ಬೀಳುತ್ತವೆ. ಇವನ್ನು 2 ಸೆಂಟಿಮೀಟರ್ ಚೌಕಗಳಾಗಿ ಒಂದೇ ಹಾಳೆಯಲ್ಲಿ ಮುದ್ರಿಸಿ ಎರಡು ಮುಖಗಳ ಪಕ್ಕ, ಚೌಕಟ್ಟಿಲ್ಲದೆ, ಪಿನ್ ಚುಚ್ಚಿ ಹಾಕುತ್ತೇನೆ. ಜನ ಹೆಚ್ಚು ಹೊತ್ತು ನಿಲ್ಲುವುದು ಆ ಹಾಳೆಯ ಮುಂದೆ. ಬೇರೆಯವರ ಮುಖ ಸೇರಿಕೊಂಡಿದ್ದರೆ ಕತ್ತರಿಸಿಯೇ ಹಾಕಬೇಕು, ಪ್ರದರ್ಶನ ಮುಗಿದ ಮೇಲೆ ಬಿಂದುಗಳ ಫೈಲುಗಳನ್ನೂ ಅಳಿಸಬೇಕು. ಮುಖದ ಅಳತೆಯೆಂದರೆ ಬೆರಳಚ್ಚು ಇದ್ದ ಹಾಗೆ.