ಪ್ರಶ್ನಾವಳಿಗೂ ಮೊದಲು ಅಳತೆ ಪಟ್ಟಿ

ಎಂ.ಎಸ್.ಡಬ್ಲ್ಯು., ಸಮಾಜಶಾಸ್ತ್ರ, ಗೃಹವಿಜ್ಞಾನ ಓದುವವರ ಕೊನೆಯ ಸೆಮಿಸ್ಟರ್ ಪ್ರಾಜೆಕ್ಟ್‌ಗಳಲ್ಲಿ ಮೂರನೆಯ ಅಧ್ಯಾಯ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಚರ ಎಂದರೇನು, ಮಾಪಕಗಳು ಎಷ್ಟು ಬಗೆ, ವಿಶ್ವಾಸಾರ್ಹತೆ ಎಂದರೇನು ಎಂದು ವ್ಯಾಖ್ಯಾನಗಳು ಸಾಲಾಗಿ ನಿಂತಿರುತ್ತವೆ. ನಾಲ್ಕನೆಯ ಅಧ್ಯಾಯದ ಕೋಷ್ಟಕಗಳಿಗೂ ಅವಕ್ಕೂ ಸಂಬಂಧವೇ ಇರುವುದಿಲ್ಲ. ಗೂಗಲ್ ಫಾರ್ಮ್ ಮೊದಲು ತಯಾರಾಗಿ, ಏನನ್ನು ಅಳೆಯುತ್ತಿದ್ದೇವೆ ಎಂಬ ಯೋಚನೆ ಆಮೇಲೆ ಬಂದರೆ ಹೀಗಾಗುವುದು ಸಹಜ. ಕ್ರಮವನ್ನು ತಿರುಗಿಸಿಕೊಳ್ಳಿ, ಅರ್ಧ ತಲೆನೋವು ಕಳೆಯುತ್ತದೆ.

ಒಂದೇ ಉದಾಹರಣೆ ಹಿಡಿದು ಹೋಗೋಣ: ತಾಯಿಯ ಓದಿಗೂ ಅಂಗನವಾಡಿ ಮಗುವಿನ ತೂಕಕ್ಕೂ ನಂಟಿದೆಯೇ? ಸಮಗ್ರ ಶಿಶು ಅಭಿವೃದ್ಧಿ ಯೋಜನೆ ನಮ್ಮ ರಾಜ್ಯದಲ್ಲಿ 1975ರಲ್ಲಿ ತಿ. ನರಸೀಪುರದಿಂದ ಶುರುವಾಯಿತು. ಈಗ ಅಂಗನವಾಡಿ ಇಲ್ಲದ ಊರು ಅಪರೂಪ, ಹಾಗಾಗಿ ವಿಷಯ ಕೈಗೆಟುಕುವಂಥದ್ದು. ಇಲಾಖೆಯ ಅನುಮತಿ, ತಾಯಂದಿರ ಒಪ್ಪಿಗೆ ಎರಡನ್ನೂ ಮೊದಲೇ ಪಡೆದಿರಬೇಕು ಎಂದು ಬೇರೆ ಹೇಳಬೇಕಿಲ್ಲ.

ಹೆಜ್ಜೆ 1: ಚರಗಳನ್ನು ಹೆಕ್ಕಿ

ಒಬ್ಬರಿಂದ ಒಬ್ಬರಿಗೆ ಬದಲಾಗುವ ಯಾವ ಗುಣವೂ ಚರವೇ. ನಮ್ಮ ಪ್ರಶ್ನೆಯಲ್ಲಿ ಎರಡು ಕಣ್ಣಿಗೆ ಬೀಳುತ್ತವೆ. ಪ್ರಭಾವ ಬೀರುತ್ತದೆ ಎಂದು ನಾವು ಊಹಿಸಿದ ತಾಯಿಯ ಓದು ಸ್ವತಂತ್ರ ಚರ. ಅದರಿಂದ ಬದಲಾಗಬಹುದಾದ ಮಗುವಿನ ತೂಕ ಅವಲಂಬಿತ ಚರ. ಆದರೆ ಕಣ್ಣಿಗೆ ಬೀಳದ ಮೂರನೆಯದೇ ಹೆಚ್ಚು ಕಾಡುವುದು. ಓದಿದ ತಾಯಿಯ ಮನೆಯಲ್ಲಿ ದುಡ್ಡೂ ತುಸು ಹೆಚ್ಚಿದ್ದರೆ, ಮಗು ಮೈಕೈ ತುಂಬಿಕೊಂಡದ್ದು ಓದಿನಿಂದಲೋ ದುಡ್ಡಿನಿಂದಲೋ ಹೇಳುವುದು ಹೇಗೆ? ಇಂಥದ್ದನ್ನು ಗೊಂದಲಕಾರಿ ಚರ ಎನ್ನುತ್ತಾರೆ. ಮನೆಯ ಆರ್ಥಿಕ ಸ್ಥಿತಿ, ಹುಟ್ಟಿದಾಗಿನ ತೂಕ, ಮಗು ಎಷ್ಟನೆಯದು ಎಂಬುದನ್ನೂ ಪಟ್ಟಿಗೆ ಸೇರಿಸಿ. ಅಳೆಯದೆ ಬಿಟ್ಟದ್ದನ್ನು ಆಮೇಲೆ ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ. ಇನ್ನೊಂದು ಮಾತು: ಒಮ್ಮೆ ಹೋಗಿ ಮಾಡಿಬಂದ ಸಮೀಕ್ಷೆಯಲ್ಲಿ ‘ಸ್ವತಂತ್ರ’ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಕಾರಣ ಎಂದು ಸಾಬೀತಾಗುವುದಿಲ್ಲ.

ಹೆಜ್ಜೆ 2: ಪ್ರತಿ ಚರಕ್ಕೂ ಅಳೆಯುವ ವಿಧಾನ ಬರೆಯಿರಿ

‘ಓದು’ ಎಂದರೆ ಏನು? 2011ರ ಜನಗಣತಿಯಲ್ಲಿ ಏಳು ವರ್ಷ ದಾಟಿದವರು ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲರಾದರೆ ಸಾಕ್ಷರರು. ಆ ಅಳತೆಯಲ್ಲಿ ಐದನೆಯ ತರಗತಿಗೆ ಶಾಲೆ ಬಿಟ್ಟವರೂ ಪದವೀಧರೆಯೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ನಮ್ಮ ಪ್ರಶ್ನೆಗೆ ಅದು ಸಾಲದು. ‘ಪಾಸು ಮಾಡಿದ ತರಗತಿಗಳ ಸಂಖ್ಯೆ’ ಎಂದು ಬರೆದುಕೊಳ್ಳಿ. ಹತ್ತನೆಯ ತರಗತಿ ಫೇಲಾದವರಿಗೆ 9. ಬೇರೆ ಯಾರು ಕೇಳಿದರೂ ಅದೇ ಸಂಖ್ಯೆ ಬರುವಷ್ಟು ಸ್ಪಷ್ಟವಾಗಿರಬೇಕು. ಇದನ್ನು ಕಾರ್ಯಾತ್ಮಕ ವ್ಯಾಖ್ಯೆ ಎನ್ನುತ್ತಾರೆ. ಹೆಸರು ಭಾರ, ಕೆಲಸ ಇಷ್ಟೇ.

ತೂಕಕ್ಕೂ ಇದು ಬೇಕು. ಒಂದು ವರ್ಷದ ಮಗುವಿನ 9 ಕಿಲೋವನ್ನೂ ನಾಲ್ಕು ವರ್ಷದ ಮಗುವಿನ 9 ಕಿಲೋವನ್ನೂ ಒಂದೇ ಎನ್ನಲಾಗದು. ಆದ್ದರಿಂದ ವಯಸ್ಸಿಗೆ ತಕ್ಕ ತೂಕ ನೋಡುತ್ತಾರೆ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಮಾನದಂಡವಿದೆ. ಭಾರತವೂ ಸೇರಿ ಆರು ದೇಶಗಳ ಮಕ್ಕಳ ಅಳತೆಯಿಂದ ಅದನ್ನು ಸಿದ್ಧಪಡಿಸಿದ್ದು. ಅದರ ಪ್ರಕಾರ ಎರಡು ವರ್ಷ ತುಂಬಿದ ಹೆಣ್ಣುಮಗುವಿನ ಮಧ್ಯಮ ತೂಕ (ಅರ್ಧ ಮಕ್ಕಳು ಇದಕ್ಕಿಂತ ಮೇಲೆ, ಅರ್ಧ ಕೆಳಗೆ) 11.5 ಕಿಲೋ, 9 ಕಿಲೋಗಿಂತ ಕೆಳಗಿದ್ದರೆ ಕಡಿಮೆ ತೂಕ.

ಹೆಜ್ಜೆ 3: ಮಾಪಕ ಯಾವುದೆಂದು ಗುರುತಿಸಿ

ಹಾರ್ವರ್ಡ್‌ನ ಮನೋವಿಜ್ಞಾನಿ ಎಸ್.ಎಸ್. ಸ್ಟೀವನ್ಸ್ 1946ರಲ್ಲಿ ಮಾಡಿದ ನಾಲ್ಕು ವಿಂಗಡಣೆಯೇ ಇಂದಿಗೂ ನಡೆಯುತ್ತಿದೆ. ಬರೀ ಹೆಸರಿಡುವುದು ನಾಮ ಮಾಪಕ: ಮಗುವಿನ ಲಿಂಗ, ಮನೆಮಾತು, ಅಂಗನವಾಡಿಯ ಕೋಡ್ ಸಂಖ್ಯೆ. ಸಂಖ್ಯೆ ಕಂಡ ತಕ್ಷಣ ಸರಾಸರಿ ತೆಗೆಯುವವರಿದ್ದಾರೆ. 560001, 570001 ಎಂಬ ಪಿನ್‌ಕೋಡ್‌ಗಳ ಸರಾಸರಿ ತೆಗೆದರೆ ಬೆಂಗಳೂರು ಮೈಸೂರುಗಳ ನಡುವೆ ಮದ್ದೂರು ಬರುವುದಿಲ್ಲ.

ಮೇಲು ಕೆಳಗು ಗೊತ್ತಾಗಿ, ನಡುವಿನ ದೂರ ಗೊತ್ತಾಗದಿದ್ದರೆ ಕ್ರಮ ಮಾಪಕ. ಮಗುವಿನ ತೋಳಿನ ಸುತ್ತಳತೆ ನೋಡುವ ಬಣ್ಣದ ಟೇಪ್ ಇದಕ್ಕೆ ಚೆನ್ನಾದ ಉದಾಹರಣೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡತೋಳಿನ ನಡುಭಾಗಕ್ಕೆ ಸುತ್ತಿದಾಗ 11.5 ಸೆಂ.ಮೀ. ಒಳಗಿದ್ದರೆ ಕೆಂಪು, ಅಲ್ಲಿಂದ 12.5ರವರೆಗೆ ಹಳದಿ, ಅದಕ್ಕೂ ಮೇಲೆ ಹಸಿರು. 11.4 ಮತ್ತು 11.6ರ ನಡುವೆ ಎರಡೇ ಮಿಲಿಮೀಟರ್. ಬಣ್ಣ ಮಾತ್ರ ಬೇರೆ. 12.6 ಮತ್ತು 15ರ ನಡುವೆ ಅಷ್ಟು ಅಂತರವಿದ್ದರೂ ಎರಡೂ ಹಸಿರೇ. ತುರ್ತಾಗಿ ಮಗುವನ್ನು ಆಸ್ಪತ್ರೆಗೆ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಬಣ್ಣ ಬಹಳ ಉಪಯುಕ್ತ. ಸಂಶೋಧನೆಗೆ ಹೋದವರು ಮಾತ್ರ ಬಣ್ಣದ ಜೊತೆಗೆ ಸೆಂಟಿಮೀಟರನ್ನೂ ಬರೆದುಕೊಳ್ಳಬೇಕು. ಸಂಖ್ಯೆಯಿಂದ ಬಣ್ಣ ಯಾವಾಗ ಬೇಕಾದರೂ ಮಾಡಬಹುದು, ಬಣ್ಣದಿಂದ ಸಂಖ್ಯೆ ಹುಟ್ಟುವುದಿಲ್ಲ. ತಾಯಿಯ ವಯಸ್ಸನ್ನು ‘18–25, 26–35’ ಎಂದು ಕಂಬಿ ಹಾಕಿ ಕೇಳುವ ಅಭ್ಯಾಸವೂ ಇದೇ ಕಾರಣಕ್ಕೆ ನನಗೆ ಹಿಡಿಸದು. ವಯಸ್ಸು ಬರೆದುಕೊಳ್ಳಿ, ಗುಂಪು ಮನೆಗೆ ಬಂದು ಮಾಡಿ.

ದೂರ ಸಮನಾಗಿದ್ದು ಸೊನ್ನೆ ಮಾತ್ರ ನಾವೇ ಇಟ್ಟುಕೊಂಡದ್ದಾದರೆ ಅಂತರ ಮಾಪಕ. 30 ಡಿಗ್ರಿ ಸೆಲ್ಸಿಯಸ್ 15ರ ಎರಡು ಪಟ್ಟು ಬಿಸಿಯಲ್ಲ. ನಮ್ಮ ಅಧ್ಯಯನದಲ್ಲಿ ಇದರ ಕೆಲಸ ಕಡಿಮೆ. ಸೊನ್ನೆ ಎಂದರೆ ನಿಜಕ್ಕೂ ಏನೂ ಇಲ್ಲ ಎಂದಾದರೆ ಅನುಪಾತ ಮಾಪಕ: ತೂಕ, ಎತ್ತರ, ಪಾಸಾದ ತರಗತಿ, ಮಕ್ಕಳ ಸಂಖ್ಯೆ. ಮಕ್ಕಳ ಸಂಖ್ಯೆ ಎರಡು, ಮೂರು ಎಂದು ಎಣಿಸುವಂಥದ್ದು; ತೂಕ 9.3, 9.35 ಎಂದು ನಡುವೆ ಎಲ್ಲಿಯೂ ನಿಲ್ಲಬಲ್ಲದ್ದು. ಮೊದಲನೆಯದು ಬಿಡಿ ಚರ, ಎರಡನೆಯದು ಸತತ ಚರ.

ಹೆಜ್ಜೆ 4: ತಕ್ಕಡಿಯನ್ನೇ ಪರೀಕ್ಷಿಸಿ

ಇಲ್ಲಿ ಆತುರ ಮಾಡಬೇಡಿ. ತಕ್ಕಡಿಯ ಮುಳ್ಳು ಸೊನ್ನೆಯ ಬದಲು 300 ಗ್ರಾಂನಲ್ಲಿ ನಿಂತಿದೆ ಎನ್ನಿ. ಎರಡು ವರ್ಷದ ಹೆಣ್ಣುಮಗುವಿನ ನಿಜವಾದ ತೂಕ 8.8 ಕಿಲೋ. ತಕ್ಕಡಿ 9.1 ತೋರಿಸುತ್ತದೆ. ಕಡಿಮೆ ತೂಕದ ಮಗು ನಿಮ್ಮ ಪುಸ್ತಕದಲ್ಲಿ ‘ಸಾಮಾನ್ಯ’ ಆಯಿತು. ಹತ್ತು ಸಲ ತೂಗಿದರೂ 9.1 ಬರುತ್ತದೆ, ಅಂದರೆ ವಿಶ್ವಾಸಾರ್ಹತೆ (ಪ್ರತಿ ಸಲವೂ ಅದೇ ಉತ್ತರ ಬರುವುದು) ಇದೆ, ಸಿಂಧುತ್ವ (ಅಳೆಯಬೇಕಾದದ್ದನ್ನು ಸರಿಯಾಗಿ ಅಳೆಯುವುದು) ಇಲ್ಲ. ಒಂದೇ ದಿಕ್ಕಿಗೆ ಎಳೆಯುವ ಇಂಥ ತಪ್ಪು ವ್ಯವಸ್ಥಿತ ದೋಷ. ಮಕ್ಕಳ ಸಂಖ್ಯೆ ಹೆಚ್ಚಿಸಿದರೂ ಇದು ಕರಗುವುದಿಲ್ಲ. ಮಗು ಒದ್ದಾಡಿ ಮುಳ್ಳು ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೋಗುವುದು ಯಾದೃಚ್ಛಿಕ ದೋಷ. ಎರಡು ಮೂರು ಸಲ ತೂಗಿ ಸರಾಸರಿ ತೆಗೆದರೆ ತಗ್ಗುತ್ತದೆ.

ದಿನವೂ ಕೆಲಸ ಶುರುಮಾಡುವ ಮೊದಲು ಗೊತ್ತಿರುವ ತೂಕವೊಂದನ್ನು, ಅಂಗಡಿಯ 5 ಕೆ.ಜಿ. ಬಟ್ಟನ್ನಾದರೂ, ಇಟ್ಟು ನೋಡಿ. ಸ್ವೆಟರ್, ಕಾಲ್ಗಡಗ ತೆಗೆಸಿ. ಉಡಿದಾರ ತೆಗೆಯಲು ಅಜ್ಜಿಯರು ಒಪ್ಪುವುದಿಲ್ಲ, ಅದರ ಭಾರ ಲೆಕ್ಕಕ್ಕೆ ಬರುವಂಥದ್ದೂ ಅಲ್ಲ, ಬಿಡಿ. ಎತ್ತರವನ್ನೂ ಅಳೆಯುವುದಾದರೆ ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ, ಮೇಲಿನವರನ್ನು ನಿಲ್ಲಿಸಿ ಅಳೆಯುವುದು ಕ್ರಮ. ಮಲಗಿಸಿದಾಗ ಸುಮಾರು 0.7 ಸೆಂ.ಮೀ. ಹೆಚ್ಚು ಬರುತ್ತದೆ, ಬೆರೆಸಬೇಡಿ.

ವಯಸ್ಸಿನಲ್ಲೂ ಇದೇ ಪೇಚು. ‘ಎಷ್ಟು ವಯಸ್ಸಮ್ಮ?’ ಎಂದರೆ ‘ಎರಡು ತುಂಬ್ತಾ ಬಂತು’ ಎನ್ನುತ್ತಾರೆ. ತಿಂಗಳ ಲೆಕ್ಕ ತಪ್ಪಿದರೆ ಮಗು ಗೆರೆಯ ಈಚೆಯಿಂದ ಆಚೆ ಹೋಗುತ್ತದೆ. ತಾಯಿ ಕಾರ್ಡ್ ಕೇಳಿ ಹುಟ್ಟಿದ ತಾರೀಖನ್ನೇ ಬರೆದುಕೊಳ್ಳಿ. ಕಾರ್ಡ್ ಕಳೆದಿದ್ದರೆ ಯುಗಾದಿಗೆ ಮುಂಚೆಯೋ ಆಮೇಲೋ, ಊರ ಜಾತ್ರೆಗೆ ಎಷ್ಟು ದಿನ ಇತ್ತು ಎಂದು ಕೇಳುತ್ತ ಹತ್ತಿರವಾಗಿ.

ಇಬ್ಬರು ಸೇರಿ ಮಾಡುವ ಪ್ರಾಜೆಕ್ಟ್ ಆದರೆ ಮೊದಲು ಕೆಲವು ಮಕ್ಕಳನ್ನು ಇಬ್ಬರೂ ಬೇರೆಬೇರೆಯಾಗಿ, ಒಬ್ಬರ ಹಾಳೆ ಇನ್ನೊಬ್ಬರು ನೋಡದೆ ಅಳೆಯಿರಿ. ಅಂಕಿಗಳು ಹೊಂದಿಕೊಳ್ಳುವವರೆಗೆ ಮುಂದೆ ಹೋಗಬೇಡಿ.

ಹೆಜ್ಜೆ 5: ಅಭಿಪ್ರಾಯ ಕೇಳುವಾಗ ಎಚ್ಚರ

‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸಂಪೂರ್ಣ ಒಪ್ಪುವುದಿಲ್ಲ’ದವರೆಗಿನ ಐದು ಮೆಟ್ಟಿಲು ರೆನ್ಸಿಸ್ ಲಿಕರ್ಟ್ 1932ರಲ್ಲಿ ಕೊಟ್ಟ ವಿಧಾನದಿಂದ ಬಂದದ್ದು. ಒಂದೊಂದು ಪ್ರಶ್ನೆ ಬಿಡಿಯಾಗಿ ಕ್ರಮ ಮಾಪಕವೇ; ಹಲವು ಪ್ರಶ್ನೆಗಳ ಅಂಕ ಕೂಡಿಸಿದ ಮೊತ್ತಕ್ಕೆ ಸರಾಸರಿ ತೆಗೆಯುವ ರೂಢಿಯಿದೆ, ಅದರ ಬಗ್ಗೆ ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಬೇರೆ. ಟೀಚರ್ ಪಕ್ಕದಲ್ಲೇ ನಿಂತಿರುವಾಗ ‘ಇಲ್ಲಿನ ಊಟ ತೃಪ್ತಿಯಾಗಿದೆಯಾ?’ ಎಂದರೆ ಯಾವ ತಾಯಿ ಇಲ್ಲ ಎಂದಾಳು? ಆ ಉತ್ತರ ಅಳೆಯುವುದು ಊಟವನ್ನಲ್ಲ, ಸಂಕೋಚವನ್ನು. ಮನೆಗೇ ಹೋಗಿ ‘ಕಳೆದ ವಾರ ಮಗು ಎಷ್ಟು ದಿನ ಅಲ್ಲಿ ಊಟ ಮಾಡಿತು?’ ಎಂದು ಕೇಳಿ.

ಹೆಜ್ಜೆ 6: ಎಕ್ಸೆಲ್‌ಗೆ ಏರಿಸುವ ಮುನ್ನ

ಚರದ ಹೆಸರು, ಅಳೆಯುವ ವಿಧಾನ, ಮಾನ, ಮಾಪಕ, ಕೋಡ್ ಹೀಗೆ ಐದು ಕಾಲಂ ಇರುವ ಒಂದು ಹಾಳೆ ಮಾಡಿಟ್ಟುಕೊಳ್ಳಿ. ಮೂರನೆಯ ಅಧ್ಯಾಯಕ್ಕೆ ಇದೇ ಜೀವ. ಸರಾಸರಿಯೋ ಶೇಕಡವೋ ಎಂಬುದೂ ಮಾಪಕದ ಕಾಲಂ ನೋಡಿದರೆ ತಿಳಿಯುತ್ತದೆ. ಉತ್ತರ ಸಿಗದ ಕಡೆ ಸೊನ್ನೆ ಹಾಕಬೇಡಿ. ಓದಿನ ಕಾಲಂನಲ್ಲಿ ಸೊನ್ನೆ ಎಂದರೆ ಒಂದನೇ ತರಗತಿಯೂ ಪಾಸಾಗಿಲ್ಲ ಎಂದರ್ಥ, ಉತ್ತರ ಸಿಗಲಿಲ್ಲ ಎಂದಲ್ಲ. 99 ಎಂದು ಬರೆಯುವ ಪದ್ಧತಿಯೂ ಇದೆ. ಅದು ‘ಉತ್ತರವಿಲ್ಲ’ದ ಕೋಡ್ ಎಂದು ಸಾಫ್ಟ್‌ವೇರ್‌ಗೆ ಹೇಳದಿದ್ದರೆ 99 ತರಗತಿ ಓದಿದ ತಾಯಂದಿರೂ ಸರಾಸರಿಯಲ್ಲಿ ಸೇರಿಕೊಳ್ಳುತ್ತಾರೆ. ಅಭ್ಯಾಸವಿಲ್ಲದವರು ಆ ಚೌಕವನ್ನು ಖಾಲಿ ಬಿಟ್ಟು, ಯಾಕೆ ಖಾಲಿ ಎಂಬುದನ್ನು ಪಕ್ಕದ ಕಾಲಂನಲ್ಲಿ ಬರೆದಿಡುವುದು ಲೇಸು.