ಸಕ್ಕರೆ ಕಾಯಿಲೆಯವರ ಎಲೆಯ ತುದಿಗೆ ಯಾವ ವ್ಯಂಜನ?

ಮಧುಮೇಹವಿದೆಯೆಂದು ತಿಳಿದ ಮನೆಯಲ್ಲಿ ಮೊದಲು ಅನ್ನದ ಪ್ರಮಾಣ ಇಳಿಯುತ್ತದೆ, ಚಹಾಕ್ಕೆ ಸಕ್ಕರೆ ಹಾಕುವುದು ನಿಲ್ಲುತ್ತದೆ; ಆದರೆ ಎಲೆಯ ತುದಿಗೆ ಬಡಿಸುವ ಚಟ್ನಿ, ಗೊಜ್ಜು, ಉಪ್ಪಿನಕಾಯಿಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಕಾಸರಗೋಡಿನ ಕನ್ನಡ ಮನೆಗಳ ಅಡುಗೆಯಲ್ಲಿ ಈ ಲೆಕ್ಕ ತಪ್ಪುವುದು ಹೆಚ್ಚಾಗಿ ಒಂದೇ ಕಡೆ: ಹುಳಿ ಬಿದ್ದಲ್ಲೆಲ್ಲ ಅದರ ಬೆನ್ನಿಗೆ ಬೆಲ್ಲವೂ ಬೀಳುತ್ತದೆ. ಆದ್ದರಿಂದ ಯಾವ ವ್ಯಂಜನವನ್ನೇ ಆರಿಸುವುದಿದ್ದರೂ, ಅದರ ರುಚಿ ಬೆಲ್ಲವಿಲ್ಲದೆ ನಿಲ್ಲುತ್ತದೆಯೇ ಎಂದು ಮೊದಲು ನೋಡಬೇಕು.

ಈ ಪರೀಕ್ಷೆಯಲ್ಲಿ ಮೆಣಸ್ಕಾಯಿ (ಹುಳಿ, ಬೆಲ್ಲ ಹಾಕಿದ ಗೊಜ್ಜು), ಪುಳಿಇಂಜಿ (ಹುಣಸೆಹುಳಿಯಲ್ಲಿ ಬೇಯಿಸಿದ ಶುಂಠಿ) ಮತ್ತು ಹಣ್ಣು ಮಾವಿನ ಸಾಸಿವೆ ಸೋಲುತ್ತವೆ. ಹಾಗಲಕಾಯಿ ಇದೆಯೆಂಬ ಧೈರ್ಯದಲ್ಲಿ ಹಾಗಲಕಾಯಿ ಮೆಣಸ್ಕಾಯಿಯನ್ನು ಎರಡು ಸಲ ಬಡಿಸಿಕೊಳ್ಳುವವರನ್ನು ಪ್ರತಿ ಔತಣದಲ್ಲೂ ಕಾಣಬಹುದು. ಅದರ ಕಹಿ ಅಡಗಿರುವುದೇ ಬೆಲ್ಲದಿಂದ ಎಂಬುದು ಅವರಿಗೆ ಆಗ ನೆನಪಾಗುವುದಿಲ್ಲ. 10 ಗ್ರಾಂ ಬೆಲ್ಲದಲ್ಲಿ ಸುಮಾರು 9 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಇರುತ್ತದೆ, ಮತ್ತು ರಕ್ತದ ಸಕ್ಕರೆಯನ್ನು ಏರಿಸುವುದರಲ್ಲಿ ಬೆಲ್ಲ ಬಿಳಿ ಸಕ್ಕರೆಗಿಂತ ಸಾಧುವೇನಲ್ಲ. ಹುಣಸೆಹಣ್ಣಿನ ತಿರುಳಿನಲ್ಲೂ ಅರ್ಧಕ್ಕಿಂತ ಹೆಚ್ಚು ಶರ್ಕರಪಿಷ್ಟವೇ ಇದ್ದರೂ, ಗೋಲಿ ಗಾತ್ರದ ಹುಳಿ ನಾಲ್ವರಿಗೆ ಹಂಚಿಹೋಗುವುದರಿಂದ ಅದಕ್ಕೆ ಹೆದರಬೇಕಾಗಿಲ್ಲ.

ಹುಳಿಗೆ ನಿಂಬೆ, ಮಜ್ಜಿಗೆ, ಅಂಬಟೆ ಅಥವಾ ಒಣಗಿಸಿದ ಪುನರ್ಪುಳಿ ಸಿಪ್ಪೆಯನ್ನು ಬಳಸಿದರೆ ಬೆಲ್ಲದ ಹಂಗು ಕಡಿಮೆ. ಪುನರ್ಪುಳಿಯ ಬಾಟಲಿ ಸಿರಪ್ ಮಾತ್ರ ಬೇಡ, ಅದು ಸಕ್ಕರೆ ಪಾಕವೇ. ಬಿಂಬುಳಿಯಲ್ಲಿ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲ ಆಕ್ಸಲೇಟ್ ಎಂಬ ಅಂಶ ಬಹಳವಾದ್ದರಿಂದ ಮೂತ್ರಪಿಂಡದ ತೊಂದರೆ ಇರುವವರು ಅದನ್ನು ಬಿಡಬೇಕು; ಔಷಧವೆಂದು ಅದರ ರಸ ಕುಡಿಯುವುದಂತೂ ಯಾರಿಗೂ ತರವಲ್ಲ.

ನನ್ನ ಮಟ್ಟಿಗೆ ನಮ್ಮ ಕಡೆಯ ಅತ್ಯುತ್ತಮ ವ್ಯಂಜನ ತಂಬುಳಿ. ಒಂದು ಹಿಡಿ ಒಂದೆಲಗ ಅಥವಾ ಸಾಂಬ್ರಾಣಿ ಸೊಪ್ಪನ್ನು ಅರ್ಧ ಚಮಚ ಜೀರಿಗೆ ಮತ್ತು ನಾಲ್ಕು ಕಾಳುಮೆಣಸಿನೊಂದಿಗೆ ತುಸು ತುಪ್ಪದಲ್ಲಿ ಬಾಡಿಸಿ, ಮೂರು ದೊಡ್ಡ ಚಮಚ ತೆಂಗಿನತುರಿ ಸೇರಿಸಿ ನುಣ್ಣಗೆ ಅರೆದು, ಒಂದು ಲೋಟ ಹುಳಿಮಜ್ಜಿಗೆಯಲ್ಲಿ ಕದಡಿ, ಉಪ್ಪು ಹಾಕಿದರೆ ಮೂವರಿಗೆ ಸಾಕಾಗುತ್ತದೆ. ತೆಂಗಿನತುರಿಯಲ್ಲಿ 100 ಗ್ರಾಂಗೆ ಸುಮಾರು 15 ಗ್ರಾಂ ಶರ್ಕರಪಿಷ್ಟವಿದ್ದು, ಅದರಲ್ಲಿ 9 ಗ್ರಾಂ ನಾರೇ ಆಗಿರುವುದರಿಂದ, ಮಜ್ಜಿಗೆಯದನ್ನೂ ಸೇರಿಸಿದರೆ ಒಬ್ಬರ ಪಾಲಿಗೆ ಬರುವುದು ಎರಡು ಮೂರು ಗ್ರಾಂ ಅಷ್ಟೆ. ತೂಕ ಇಳಿಸಲು ಹೊರಟವರು ತೆಂಗಿನ ಕೊಬ್ಬಿನ ಮೇಲೂ ಕಣ್ಣಿಡಬೇಕು. ಕಾಯಿಚಟ್ನಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಹೋಟೆಲಿನಲ್ಲಿ ಮಾತ್ರ ಅದನ್ನು ಮಂದ ಮಾಡಲು ಹುರಿಗಡಲೆ ಸೇರಿಸುವುದುಂಟು, ಅದರ ಅರ್ಧಕ್ಕಿಂತ ಹೆಚ್ಚು ಭಾಗ ಶರ್ಕರಪಿಷ್ಟ.

ಮಾವಿನ ಮಿಡಿ ಉಪ್ಪಿನಕಾಯಿಯಲ್ಲಿ ಸಕ್ಕರೆಯ ಭಯವಿಲ್ಲ, ಭಯವೆಲ್ಲ ಉಪ್ಪಿನದು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮಧುಮೇಹದ ಜೊತೆಗೆ ರಕ್ತದೊತ್ತಡವೂ ಇರುವವರು ನಮ್ಮಲ್ಲಿ ಕಡಿಮೆಯಿಲ್ಲ. ರಸವನ್ನು ಭರಣಿಯಲ್ಲೇ ಸೋರಗೊಟ್ಟು ಅರ್ಧ ಮಿಡಿ ಹಾಕಿಕೊಳ್ಳಬಹುದು. ಆದರೆ ಖಾರದ ಮಿಡಿಯೊಂದು ಎದುರಿಗಿದ್ದರೆ ಕುಚ್ಚಲಕ್ಕಿ ಗಂಜಿ ಇನ್ನೊಂದು ಸೌಟು ಬೇಕೆನ್ನಿಸುತ್ತದೆ, ನಿಜವಾದ ಹೊರೆ ಆ ಸೌಟಿನದು.

ಅಂಗಡಿಯ ಬಾಟಲಿಗಳಲ್ಲಿ ಟೊಮೆಟೊ ಕೆಚಪ್ ಎಲ್ಲಕ್ಕಿಂತ ಮೋಸದ್ದು: ಒಂದು ದೊಡ್ಡ ಚಮಚದಲ್ಲಿ ಸುಮಾರು 4 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು ಸಕ್ಕರೆ ಇರುತ್ತದೆ. ಸಕ್ಕರೆ ಬೆರೆಸದ ಸಾಸಿವೆ ಪೇಸ್ಟ್ ಮತ್ತು ವಿನೆಗರ್‌ಗಳಲ್ಲಿ ಶರ್ಕರಪಿಷ್ಟ ತೀರ ಕಡಿಮೆ. ಮೇಯೊನೀಸ್‌ನಲ್ಲೂ ಸಾಮಾನ್ಯವಾಗಿ ಕಡಿಮೆಯೇ, ಆದರೆ ಅದು ಬಹುಪಾಲು ಎಣ್ಣೆ. ನಮ್ಮ ಪೇಟೆಗಳಲ್ಲಿ ಸಿಗುವ ಪೊಟ್ಟಣಗಳ ಮುಂಭಾಗದಲ್ಲಿ ಮಲಯಾಳದಲ್ಲಿ ಏನೇ ಬರೆದಿರಲಿ, ಬೆನ್ನಿನ ಪಟ್ಟಿಯನ್ನು ಓದದೆ, ಬಾರದಿದ್ದರೆ ಮಕ್ಕಳಿಂದ ಓದಿಸದೆ, ಕೊಳ್ಳಬಾರದು. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಿರುವುದರಿಂದ, ಮೊದಲ ಮೂರರಲ್ಲಿ ಸಕ್ಕರೆ, ಲಿಕ್ವಿಡ್ ಗ್ಲೂಕೋಸ್ ಅಥವಾ ಕಾರ್ನ್ ಸಿರಪ್ ಇದ್ದರೆ ಬಾಟಲಿಯನ್ನು ಅಲ್ಲಿಯೇ ಇಡಬೇಕು. ‘ಶುಗರ್ ಫ್ರೀ’ ಎಂದಿದ್ದರೂ ಪಿಷ್ಟದಿಂದ ಮಾಡಿದ ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪುಡಿ ಇರಬಹುದು. ಅದು ಸಕ್ಕರೆಯ ಸಾಲಿನಲ್ಲಿ ಕಾಣದೆ ಕಾರ್ಬೋಹೈಡ್ರೇಟ್ ಸಾಲಿನಲ್ಲಿ ಅಡಗಿರುತ್ತದೆ, ರಕ್ತದಲ್ಲಿ ಮಾತ್ರ ಗ್ಲೂಕೋಸಿನಷ್ಟೇ ಬೇಗ ಏರುತ್ತದೆ.

ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಶರ್ಕರಪಿಷ್ಟವನ್ನು ಒಮ್ಮೆಲೇ ಬಹಳ ಕಡಿಮೆ ಮಾಡುವ ಮುನ್ನ ವೈದ್ಯರನ್ನು ಕೇಳಬೇಕು, ಇಲ್ಲವಾದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಒಂದು ದಿನ ಗೊಜ್ಜಿನೊಂದಿಗೆ, ಇನ್ನೊಂದು ದಿನ ತಂಬುಳಿಯೊಂದಿಗೆ ಅಷ್ಟೇ ಅನ್ನವನ್ನು ಉಂಡು, ಊಟಕ್ಕೆ ಮೊದಲು ಮತ್ತು ಊಟ ಆರಂಭಿಸಿದ ಎರಡು ಗಂಟೆಯ ನಂತರ ಪರೀಕ್ಷಿಸಿ, ಅಂಕಿಗಳನ್ನು ಬರೆದಿಟ್ಟುಕೊಂಡು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಬಹುದು.